ಕೋಸಾ ಬೆನ್ನೇರಿದ ಮೂವರು

ನನ್ನ ಮದುವೆ ಸೆಪ್ಟೆಂಬರಿನ ಮೊದಲ ಶನಿವಾರಕ್ಕೆ ನಿಶ್ಚಯವಾಗಿತ್ತು. ಅದಕ್ಕೆ ಎರಡು ದಿನ ಮುಂಚೆ, ಗುರುವಾರ, ಅಪ್ಪ ನನ್ನನ್ನೂ ನನ್ನ ಮಾವನಾಗಲಿದ್ದವರನ್ನೂ ಕೋಸಾ ಬೆಟ್ಟದ ಬೆನ್ನು ದಾಟಿಸಲು ಕರೆದುಕೊಂಡು ಹೋದ.

ಹೋಗಬೇಕಾಗಿದ್ದವರು ಮಾವನಲ್ಲ, ಅವರ ಮಗ ಎರಿಕ್. ನಮ್ಮ ಮನೆಯ ಹೆಣ್ಣನ್ನು ಕಟ್ಟಿಕೊಳ್ಳುವವನು ಮದುವೆಗೆ ಮುಂಚೆ ಅಪ್ಪನ ಹಿಂದೆ ಒಮ್ಮೆ ಕೋಸಾ ದಾಟಬೇಕು ಎನ್ನುವುದು ಅಪ್ಪನೇ ಮಾಡಿದ ನಿಯಮ. ಇಬ್ಬರು ಭಾವಂದಿರೂ ದಾಟಿದ್ದರು. ದೊಡ್ಡ ಭಾವ ನಡುದಾರಿಯಲ್ಲಿ ವಾಂತಿ ಮಾಡಿಕೊಂಡದ್ದನ್ನು ಅಪ್ಪ ಪ್ರತಿ ವರ್ಷ ಈಸ್ಟರ್ ಊಟದ ಹೊತ್ತಿಗೆ ಸರಿಯಾಗಿ ನೆನಪಿಸಿಕೊಳ್ಳುತ್ತಿದ್ದ. ಎರಿಕ್ ಮಾತ್ರ ಮದುವೆಗೆ ಹತ್ತು ದಿನವಿರುವಾಗ ಫುಟ್‌ಬಾಲ್ ಆಡಲು ಹೋಗಿ ಕಾಲು ಉಳುಕಿಸಿಕೊಂಡು ಊರುಗೋಲು ಹಿಡಿದ.

ಭಾನುವಾರ ಎರಡೂ ಮನೆಯವರು ನಮ್ಮಲ್ಲಿ ಊಟಕ್ಕೆ ಕೂತಿದ್ದಾಗ ಅಪ್ಪ ಶುರುಮಾಡಿದ.

"ಬೀಗ್ರೇ, ನಿಮ್ಮ ಕಡೆಯವರ ಕಾಲೇ ಇಷ್ಟೇನಾ? ದೋಣೀಲಿ ಕೂತೂ ಕೂತೂ ಸೊರಗಿಬಿಟ್ಟಿದಾವೇನೋ."

ಲಿವಿಯೊ ಮಾವ ಕಡಲತೀರದವರು. ನಲವತ್ತು ವರ್ಷ ಸ್ವಂತ ದೋಣಿಯಲ್ಲಿ ಮೀನು ಹಿಡಿದವರು. ಅವರು ರೊಟ್ಟಿಯನ್ನು ಸಾರಿಗೆ ಅದ್ದುತ್ತಾ ನಿಧಾನವಾಗಿ ಹೇಳಿದರು:

"ಸೊರಗಿದ್ರೂ ಎರಡಿದಾವೆ ಬೀಗ್ರೇ. ಮಗನ ಬದಲು ಅಪ್ಪ ಬಂದ್ರೆ ನಡೆಯುತ್ತಾ?"

"ವಾಂತಿ ಮಾಡ್ಕೋಬಾರ್ದು, ಅಷ್ಟೇ."

"ನನ್ನ ದೋಣೀಲಿ ವಾಂತಿ ಮಾಡ್ಕೊಂಡೋರನ್ನ ಎಣಿಸಕ್ಕಾಗಲ್ಲ. ಆ ಸಾಲಲ್ಲಿ ನಾನಂತೂ ಇಲ್ಲ."

ಎಲ್ಲರೂ ನಕ್ಕರು. ಅಮ್ಮ ಮಾತ್ರ ಅಡುಗೆಮನೆಗೆ ನನ್ನನ್ನು ಕರೆದು, "ರೊಮಾನಾ, ನೀನೂ ಹೋಗು. ಇಬ್ರೂ ಅರವತ್ತು ದಾಟಿದೋರು, ಇಬ್ರಿಗೂ ಸೋಲೋದು ಗೊತ್ತಿಲ್ಲ" ಎಂದಳು.

ನನಗೆ ಕೋಸಾ ಹೊಸದಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಅಪ್ಪನ ಹಿಮ್ಮಡಿ ನೋಡಿಕೊಂಡೇ ನಡೆದಿದ್ದೇನೆ. ಎಲ್ಲಿ ಅಪ್ಪ ಕಾಲಿಟ್ಟನೋ ಅಲ್ಲಿ ನಾನು. ಆ ಬೆಟ್ಟದಲ್ಲಿ ದಾರಿ ತೋರಿಸುವ ಕೆಂಪು-ಬಿಳಿ ಗುರುತುಗಳನ್ನು ಬಂಡೆಗಳ ಮೇಲೆ ಬಳಿದವನು ಅವನೇ. ಉಕ್ಕಿನ ಹಗ್ಗದ ಮೊಳೆಗಳನ್ನು ಹೊಡೆದವನೂ ಅವನೇ. ನಲವತ್ತು ವರ್ಷ ಜನರನ್ನು ಮೇಲೆ ಕರೆದೊಯ್ದು ಅಷ್ಟೂ ಜನರನ್ನು ಕೆಳಗೆ ಇಳಿಸಿ ತಂದ ಆಲ್ಬಿನ್ ಎಂದರೆ ನಮ್ಮ ಕಣಿವೆಯಲ್ಲಿ ಗೊತ್ತಿಲ್ಲದವರಿಲ್ಲ.

ಬುಧವಾರ ಸಂಜೆ ಬೆಟ್ಟದ ನಡುವಿನ ತಂಗುಮನೆಗೆ ಹೋಗಿ ಉಳಿದೆವು. ಬೆಳಿಗ್ಗೆ ಐದಕ್ಕೆ ಹೊರಡಬೇಕಿತ್ತು. ಆದರೆ ಅಪ್ಪನಿಗೆ ಸೊಂಟದ ಪಟ್ಟಿ ಸಿಗಲಿಲ್ಲ. ಅದು ಅವನ ಮುಂದಿನ ಬೆಂಚಿನ ಮೇಲೇ ಇತ್ತು. ಅವನು ಅದರ ಪಕ್ಕದಲ್ಲೆಲ್ಲ ಕೈಯಾಡಿಸುತ್ತಿದ್ದ. ನಾನು ಎತ್ತಿಕೊಟ್ಟೆ. "ಲೊಯ್ಸ್ಕಾಳ ಮನೇಲಿ ದೀಪ ಅನ್ನೋದೇ ಇಲ್ಲ" ಎಂದು ಗೊಣಗಿದ. ಚಹಾ ಬಗ್ಗಿಸುವಾಗ ಅರ್ಧ ಮೇಜಿನ ಮೇಲೆ ಹರಿಯಿತು.

ತಂಗುಮನೆ ನೋಡಿಕೊಳ್ಳುವ ಲೊಯ್ಸ್ಕಾ ಬಟ್ಟೆ ತಂದು ಒರೆಸುತ್ತಾ, "ಹಲಗೆ ಓದಿದ್ಯಾ ಆಲ್ಬಿನಣ್ಣ?" ಎಂದು ಕೇಳಿದಳು. ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಅವಳು ದಿನದ ಹವಾಮಾನ ಬರೆಯುತ್ತಾಳೆ.

"ಓದ್ದೆ, ಓದ್ದೆ."

"ಗುಡುಗು ಮಧ್ಯಾಹ್ನಕ್ಕೆ ಮುಂಚೇನೇ ಬರಬಹುದು ಅಂತಿದಾರೆ. ಹನ್ನೊಂದಕ್ಕೆಲ್ಲ ಆಕಡೆ ತಗ್ಗಿಗೆ ಇಳಿದಿರ್ಬೇಕು. ಮತ್ತೆ ಬೆನ್ನಿನ ಮೂರನೇ ಬಂಡೆಹಲ್ಲಿನ ಹತ್ರ ಹಳೇ ದಾರಿ ಇಲ್ಲ, ಗೊತ್ತಲ್ಲ? ಏಪ್ರಿಲ್‌ನಲ್ಲಿ ಬಂಡೆ ಕುಸಿದು ಹೋಯ್ತು. ಹೊಸ ಹಗ್ಗ ಕೆಳಗಡೆಯಿಂದ ಹಾಕಿದಾರೆ."

"ನನಗೆ ಕೋಸಾದ ದಾರಿ ಹೇಳಿಕೊಡ್ತೀಯಾ ನೀನು?"

"ಹೇಳೋದು ನನ್ನ ಕೆಲಸ" ಎಂದಳು ಲೊಯ್ಸ್ಕಾ. ನಗಲಿಲ್ಲ.

ನಾವು ಹೊರಬಿದ್ದಾಗ ಆರು ಹತ್ತು.

ಹುಲ್ಲುಗಾವಲಿನಲ್ಲಿ ನಡೆಯುವಾಗ ಲಿವಿಯೊ ಮಾವ ಬಗ್ಗಿ ಹುಲ್ಲಿನ ಮೇಲೆ ಅಂಗೈ ಸವರಿದರು. ಅಂಗೈಯನ್ನು ನನಗೆ ತೋರಿಸಿದರು. ಒಣಗಿತ್ತು.

"ಇಬ್ಬನಿ ಬಿದ್ದಿಲ್ಲ. ನಮ್ಮಲ್ಲಿ ಹಿಂಗಾದ್ರೆ ಮಳೆ ಬರುತ್ತೆ ಅಂತ ದೋಣಿ ದೂರ ಬಿಡಲ್ಲ."

ಅಪ್ಪ ಮುಂದಿನಿಂದಲೇ, "ಬೀಗ್ರೇ, ಇದು ಸಮುದ್ರ ಅಲ್ಲ. ಇಲ್ಲಿ ಮೀನು ಸಿಗಲ್ಲ" ಎಂದ.

"ಅದಕ್ಕೇ ಜೇಬಲ್ಲಿ ತಂದಿದೀನಿ" ಎಂದು ಮಾವ ಉಪ್ಪುಮೀನಿನ ಡಬ್ಬಿ ತಟ್ಟಿ ಸದ್ದು ಮಾಡಿದರು.

ಆಕಾಶ ಶುಭ್ರವಾಗಿತ್ತು. ಅತಿ ಶುಭ್ರ. ಎರಡು ಕಣಿವೆಯಾಚೆಯ ಶಿಖರಗಳು ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದು ನಿಂತಂತೆ ಕಾಣುತ್ತಿದ್ದವು. ಗಾಳಿ ಒಂದಿಷ್ಟೂ ಇರಲಿಲ್ಲ. ಏಳೂವರೆಗೆಲ್ಲ ಬೆನ್ನು ಬೆವೆತಿತ್ತು. ರೆಕ್ಕೆ ಬಂದ ಇರುವೆಗಳು ಹಿಂಡುಹಿಂಡಾಗಿ ಎದ್ದು ಮುಖಕ್ಕೆ, ಕತ್ತಿಗೆ ಅಂಟಿಕೊಳ್ಳುತ್ತಿದ್ದವು. ಅಪ್ಪ ಎಂದಿಗಿಂತ ನಿಧಾನ ನಡೆಯುತ್ತಿದ್ದ. ಮೊದಲೆಲ್ಲ ನಮಗಿಂತ ಇಪ್ಪತ್ತು ಹೆಜ್ಜೆ ಮುಂದಿದ್ದು ತಿರುಗಿ ನೋಡಿ ರೇಗಿಸುವವನು. ಈಗ ಪ್ರತಿ ತಿರುವಿನಲ್ಲಿ ಕೋಲಿನಿಂದ ನೆಲ ಮುಟ್ಟಿ ನೋಡಿ, ತುಟಿಯಲ್ಲೇ ಏನನ್ನೋ ಎಣಿಸುತ್ತಿದ್ದ. ಮಂಡಿ ನೋವಿರಬೇಕು, ನನ್ನ ಮದುವೆಯ ಹೊತ್ತಿನಲ್ಲಿ ಹೇಳಿಕೊಳ್ಳುತ್ತಿಲ್ಲ ಎಂದುಕೊಂಡೆ.

ಕೋಸಾದ ಬೆನ್ನು ಶುರುವಾಗುವ ಕಡೆ ತಲುಪಿದಾಗ ಒಂಬತ್ತು ಗಂಟೆ. ಒಂದು ಗಂಟೆ ತಡವಾಗಿತ್ತು. ಅಲ್ಲಿಂದ ಮುಂದೆ ಸುಮಾರು ಎರಡು ಗಂಟೆಯ ಹಾದಿ. ಅಗಲ ಕೆಲವು ಕಡೆ ಊಟದ ಮೇಜಿನಷ್ಟು, ಕೆಲವು ಕಡೆ ಬೆಂಚಿನಷ್ಟು. ಎರಡು ಪಕ್ಕವೂ ಬರಿ ಗಾಳಿ. ನಡುವೆ ನಾಲ್ಕು ಕಡೆ ಬಂಡೆ ಹಲ್ಲಿನಂತೆ ಎದ್ದು ನಿಂತಿದೆ. ಅಲ್ಲೆಲ್ಲ ಉಕ್ಕಿನ ಹಗ್ಗ ಹಿಡಿದು, ಸೊಂಟದ ಪಟ್ಟಿಯ ಕೊಂಡಿಯನ್ನು ಅದಕ್ಕೆ ಸಿಕ್ಕಿಸಿಕೊಂಡು ದಾಟಬೇಕು. ಒಮ್ಮೆ ಹೊಕ್ಕರೆ ಕೊನೆಯ ತಗ್ಗಿನ ತನಕ ಕೆಳಗಿಳಿಯಲು ದಾರಿಯಿಲ್ಲ.

ಎದುರಿನಿಂದ ಗಂಡ ಹೆಂಡತಿ ಇಬ್ಬರು ವಾಪಸು ಬರುತ್ತಿದ್ದರು. ಪರದೇಶದವರು. ಹೆಂಗಸು ದಕ್ಷಿಣದ ಕಡೆ ಕೈತೋರಿಸಿ ಬೇಡವೆಂದು ತಲೆಯಾಡಿಸಿದಳು. ಅಲ್ಲಿ ದೂರದಲ್ಲಿ ಮೂರು ಬಿಳಿ ಮೋಡ, ಹೂಕೋಸಿನಂತೆ ಗಂಟುಗಂಟಾಗಿ ಮೇಲಕ್ಕೆ ಬೆಳೆಯುತ್ತಿದ್ದವು.

"ಅಪ್ಪ, ನಾವೂ ತಿರುಗಿಬಿಡೋಣ" ಎಂದೆ. "ನಾಳಿದ್ದು ಮದುವೆ. ಅಕ್ಟೋಬರಲ್ಲಿ ಬರೋಣ."

"ಇಲ್ಲಿ ಮಳೆ ಮೂರು ಗಂಟೆಗೆ ಮುಂಚೆ ಬಂದಿದ್ದನ್ನ ನಾನು ಕಂಡಿಲ್ಲ. ಬೀಗ್ರಿಗೆ ಭಯ ಆದ್ರೆ ಹೇಳಲಿ, ತಿರುಗೋಣ. ನನ್ನದೇನಿಲ್ಲ."

ನಾನು ಮಾವನ ಮುಖ ನೋಡಿದೆ. ಅವರು ಆ ಮೋಡಗಳನ್ನು ಒಂದು ಕ್ಷಣ ಹೆಚ್ಚೇ ನೋಡಿದರು. ಆಮೇಲೆ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, "ನಡೀರಿ" ಎಂದರು.

ಮೊದಲ ಹಲ್ಲನ್ನು ಸಲೀಸಾಗಿ ದಾಟಿದೆವು. ಅಪ್ಪನ ಕೈ ಪ್ರತಿ ಮೊಳೆಯನ್ನೂ ಹುಡುಕದೆ ಹೋಗಿ ಮುಟ್ಟುತ್ತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಎರಡನೆಯ ಹಲ್ಲಿನ ಹೊತ್ತಿಗೆ ಬಿಸಿಲು ಬಣ್ಣ ಕಳೆದುಕೊಂಡಿತ್ತು. ಕೆಳಗಿನ ಕಣಿವೆಯಿಂದ ಮಂಜು ತುಂಡುತುಂಡಾಗಿ ಏಳುತ್ತಿತ್ತು. ಸದಾ ತಲೆಯ ಮೇಲೆ ಹಾರುವ ಹಳದಿ ಕೊಕ್ಕಿನ ಕಾಗೆಗಳು ಒಂದೂ ಇರಲಿಲ್ಲ. ಹಲ್ಲಿನ ನೆತ್ತಿಯಲ್ಲಿ ನೀರು ಕುಡಿಯಲು ನಿಂತೆವು.

ಆಗ ಲಿವಿಯೊ ಮಾವ ಎದುರಿನ ಇಳಿಜಾರಿನತ್ತ ಕೈಮಾಡಿ ಕೇಳಿದರು, "ಬೀಗ್ರೇ, ಅಲ್ಲಿ ಕಾಡುಮೇಕೆ ಹಿಂಡು ನಿಂತಿದೆಯಲ್ಲ, ಅವು ಆರೋ ಏಳೋ?"

ಅಪ್ಪ ಆ ಕಡೆ ಮುಖ ತಿರುಗಿಸಿದ. ಕಣ್ಣು ಕಿರಿದು ಮಾಡಿದ. "ಏಳು" ಎಂದ. "ಹೆಣ್ಣುಗಳು. ಮರಿ ಜೊತೆಗಿವೆ."

ನಾನು ನೋಡಿದೆ. ಇಳಿಜಾರಿನಲ್ಲಿ ಬೂದು ಕಲ್ಲು ಬಿಟ್ಟರೆ ಏನೂ ಇರಲಿಲ್ಲ.

ಮಾವ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿದರು. ಅಪ್ಪ ಮುಂದೆ ಹೊರಟ ಮೇಲೆ ನನ್ನ ತೋಳು ಹಿಡಿದು ಮೆತ್ತಗೆ ಹೇಳಿದರು.

"ಅಲ್ಲಿ ಮೇಕೆ ಇರ್ಲಿಲ್ಲ ಮಗಳೇ. ನಿಮ್ಮಪ್ಪನಿಗೆ ಕಣ್ಣು ಕಾಣ್ತಿಲ್ಲ."

"ಸುಮ್ನಿರಿ ಮಾವ. ತಮಾಷೆಗೆ ಹೇಳಿರ್ತಾನೆ."

"ನಾನು ಹುಡುಗನಾಗಿದ್ದಾಗ ನಮ್ಮ ದೋಣಿ ಯಜಮಾನ ಹಿಂಗೇ ಇದ್ದ. ಬಂದರು ಪೂರ್ತಿ ಬಾಯಿಪಾಠ. ಒಂದಿನ ಬೇರೆಯವರ ದೋಣಿ ಅವನ ಜಾಗದಲ್ಲಿ ಕಟ್ಟಿತ್ತು. ನೇರ ಹೋಗಿ ಗುದ್ದಿದ."

ಬೆಂಚಿನ ಮೇಲಿನ ಪಟ್ಟಿ, ಮೇಜಿನ ಮೇಲಿನ ಚಹಾ, ತಿರುವಿನಲ್ಲಿ ಎಣಿಸುವ ತುಟಿ. ಇಡೀ ಬೇಸಿಗೆ ಅವನು ಪತ್ರಿಕೆ ಮಡಿಸಿಯೇ ಇಟ್ಟಿದ್ದು. ಅಕ್ಕನ ಮಗುವನ್ನು ಬೇರೆ ಹೆಸರಿನಿಂದ ಕರೆದದ್ದು. ಎಲ್ಲವನ್ನೂ ನಾನು ನೋಡಿದ್ದೆ. ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ, ಅಷ್ಟೇ.

ದಕ್ಷಿಣದಲ್ಲಿ ಮೋಡದ ಹೊಟ್ಟೆ ಕಪ್ಪಾಗಿತ್ತು. ಅಲ್ಲೊಂದು ಮಿಂಚು ಹೊಳೆಯಿತು, ಸದ್ದಿಲ್ಲದೆ. ನಾನು ಎಣಿಸತೊಡಗಿದೆ. ನಲವತ್ತೆರಡಕ್ಕೆ ಗುಡುಗು ಬಂತು, ಯಾರೋ ಖಾಲಿ ಪೀಪಾಯಿ ಉರುಳಿಸಿದ ಹಾಗೆ.

"ಅಪ್ಪ, ನಿಲ್ಲು" ಎಂದು ಕೂಗಿದೆ.

"ಈಗ ನಿಲ್ಲೋದಲ್ಲ. ಹಿಂದಕ್ಕೆ ಒಂದೂವರೆ ಗಂಟೆ, ಮುಂದಕ್ಕೆ ನಲವತ್ತು ನಿಮಿಷ. ಬೇಗ ಬನ್ನಿ."

ಲೆಕ್ಕ ಸರಿಯಾಗಿತ್ತು. ಅದೇ ಕಷ್ಟವಾದದ್ದು. ಗುಡುಗು ಬೆನ್ನಟ್ಟಿರುವಾಗ ಮುಂದೆ ಹೋಗುವುದೇ ಬುದ್ಧಿವಂತಿಕೆ. ನಾನು ಓಡುನಡಿಗೆಯಲ್ಲಿ ಅವನನ್ನು ಹಿಡಿಯಲು ಹೋದೆ. ಆ ಜಾಗದಲ್ಲಿ ಓಡಬಾರದು. ಕಾಲ ಕೆಳಗಿನ ಕಲ್ಲು ಎರಡು ಬಾರಿ ಜಾರಿತು. ಅಪ್ಪ ಆಗಲೇ ಮೂರನೆಯ ಹಲ್ಲಿನ ಬುಡದಲ್ಲಿದ್ದ. ಅವನ ಎದುರಿಗೆ ಬಂಡೆಯ ಮೇಲೆ ಎದೆಯಗಲದ ಕೆಂಪು ಕತ್ತರಿ ಗುರುತು ಬಳಿದಿತ್ತು. ಈ ಕಡೆ ಬರಬೇಡಿ ಎಂದು. ಅದರ ಕೆಳಗೆ ಎಡಕ್ಕೆ ಇಳಿಯುವ ಹೊಸ ಹಗ್ಗ ಫಳಫಳ ಹೊಳೆಯುತ್ತಿತ್ತು.

ಅಪ್ಪ ಎರಡನ್ನೂ ನೋಡಲಿಲ್ಲ. ಅವನ ಬಲಗೈ ನೇರ ಮೇಲಕ್ಕೆ ಹೋಗಿ ಹಳೆಯ ಮೊಳೆಯನ್ನು ಹುಡುಕಿಕೊಂಡಿತು. ಅದಿನ್ನೂ ಅಲ್ಲೇ ಇತ್ತು. ಅದಕ್ಕೆ ಮಾರುದ್ದ ಹಳೇ ಹಗ್ಗದ ತುಂಡು ನೇತಾಡುತ್ತಿತ್ತು. ಅವನು ಕೊಂಡಿಯನ್ನು ಆ ತುಂಡಿಗೆ ಸಿಕ್ಕಿಸಿದ. ಎಡಗಾಲು ಎತ್ತಿ ಬಂಡೆಯ ಮೂಲೆಯನ್ನು ಬಳಸಿ ಆಚೆಗಿಟ್ಟ. ಅಲ್ಲಿ ಮೊದಲು ಎರಡಡಿ ಅಗಲದ ಜಗಲಿಯಂಥ ಕಲ್ಲಿತ್ತು.

ನಾನು ಅವನ ಬೆನ್ನಚೀಲಕ್ಕೆ ಎರಡೂ ಕೈ ಹಾಕಿ ಹಿಂದಕ್ಕೆ ಬಿದ್ದೆ. ಹಿಂದಿನಿಂದ ಮಾವ ನನ್ನ ಸೊಂಟದ ಪಟ್ಟಿ ಹಿಡಿದರು. ಮೂವರೂ ಒಬ್ಬರ ಮೇಲೊಬ್ಬರು ಕುಸಿದೆವು. ಅಪ್ಪನ ಕಾಲಿಂದ ಹೊರಟ ಕಲ್ಲೊಂದು ಕೆಳಗೆ ಹೋಯಿತು. ಅದು ಬಿದ್ದ ಸದ್ದಿಗೆ ಕಾದೆವು. ಬಹಳ ಹೊತ್ತು ಬರಲಿಲ್ಲ. ಬಂದಾಗ ಬಹಳ ಸಣ್ಣದಾಗಿತ್ತು.

ಅಪ್ಪ ಬಂಡೆಗೊರಗಿ ಕೂತ. ಅವನ ಮುಖ ಸುಣ್ಣದ ಗೋಡೆಯ ಹಾಗಿತ್ತು.

"ಜಗಲಿ ಎಲ್ಲಿ?" ಎಂದ.

"ಬಿದ್ದು ಹೋಗಿದೆ. ಲೊಯ್ಸ್ಕಾ ಬೆಳಿಗ್ಗೆ ಹೇಳಿದ್ಲಲ್ಲಪ್ಪ. ಇಲ್ಲಿ ಕೆಂಪಗೆ ಬರೆದಿದೆ, ನಿನ್ನ ಮೂಗಿನ ಮುಂದೆ."

ಅವನು ಕೈಚಾಚಿ ಆ ಬಂಡೆಯನ್ನು ಸವರಿ ನೋಡಿದ.

"ಎಷ್ಟು ದಿನದಿಂದ ಕಾಣ್ತಿಲ್ಲ?"

"ಎರಡು ವರ್ಷ ಆಯ್ತು. ಮಧ್ಯದಲ್ಲಿ ಮಾತ್ರ. ಸುತ್ತ ಕಾಣುತ್ತೆ. ನಿನ್ನನ್ನ ನೇರ ನೋಡಿದ್ರೆ ನಿನ್ನ ಮುಖದ ಜಾಗದಲ್ಲಿ ಮಂಜು. ಪಕ್ಕಕ್ಕೆ ನೋಡಿದ್ರೆ ನಿನ್ನ ಕಿವಿ ಗೊತ್ತಾಗುತ್ತೆ."

"ಅಮ್ಮನಿಗೆ?"

"ಹೇಳಿಲ್ಲ. ಹೇಳಿದ್ರೆ ಮನೆಯಿಂದ ಹೊರಗೆ ಬಿಡ್ತಾಳಾ ಅವಳು?" ಅವನು ಮಾವನ ದಿಕ್ಕಿಗೆ ತಿರುಗಿದ. "ನಾನು ಈ ದಾರೀಲಿ ಮುನ್ನೂರು ಸಲ ನಡೆದಿದೀನಿ ಬೀಗ್ರೇ. ಹೆಜ್ಜೆ ಲೆಕ್ಕ ಇದೆ. ಇನ್ನೊಂದು ಸಲ ನಡೀಬಹುದು ಅಂದ್ಕೊಂಡೆ."

"ಲೆಕ್ಕ ನಿಮ್ಮದು ಸರೀನೇ ಇತ್ತು" ಎಂದರು ಮಾವ. "ಬೆಟ್ಟ ತಪ್ಪಿತು. ಈಗ ಏಳಿ."

ಅಷ್ಟರಲ್ಲಿ ಮತ್ತೊಂದು ಮಿಂಚು. ಎಣಿಸಿದೆ, ಹದಿನಾಲ್ಕು.

ಆವತ್ತಿನವರೆಗೆ ನಾನು ಆ ಬೆನ್ನಿನ ಮೇಲೆ ಒಮ್ಮೆಯೂ ಮುಂದೆ ನಡೆದವಳಲ್ಲ. ಈಗ ಇಬ್ಬರೂ ನನ್ನತ್ತ ನೋಡುತ್ತಿದ್ದರು. ಒಬ್ಬರು ಕಣ್ಣಿನಿಂದ, ಒಬ್ಬ ಕಿವಿಯಿಂದ. ಹೊಸ ಹಗ್ಗ ಹಿಡಿದು ದಾಟಲು ಅಪ್ಪನ ಜೊತೆ ಇಪ್ಪತ್ತು ನಿಮಿಷವಾದರೂ ಬೇಕು. ಮಿಂಚು ಹೊಡೆಯುವಾಗ ಉದ್ದಕ್ಕೂ ಬಿಗಿದ ಉಕ್ಕನ್ನು ಹಿಡಿದಿರುವುದಕ್ಕಿಂತ ಕೆಟ್ಟದ್ದಿಲ್ಲ. ಪಶ್ಚಿಮದ ಪಕ್ಕದಲ್ಲಿ, ಬೆನ್ನಿಗಿಂತ ಸುಮಾರು ಮೂವತ್ತಡಿ ಕೆಳಗೆ, ಪುಡಿಗಲ್ಲಿನ ಒಂದು ಇಳಿಜಾರು ಕಂಡಿತು. ಮೂವರು ದೂರದೂರ ಕೂರುವಷ್ಟು ಜಾಗ.

"ಅಲ್ಲಿಗೆ ಇಳೀಬೇಕು" ಎಂದೆ. "ಅಪ್ಪ, ನನ್ನ ಚೀಲದ ಪಟ್ಟಿ ಹಿಡ್ಕೋ. ನಾನು ಹೇಳಿದ ಕಡೆ ಕಾಲಿಡು. ಬೇರೆ ಎಲ್ಲೂ ಇಡಬೇಡ."

ಅವನು ಕೈಚಾಚಿ ನನ್ನ ಬೆನ್ನು ತಡಕಿದ. ಆಮೇಲೆ ಪಟ್ಟಿ ಹಿಡಿದ.

ಇಳಿಯುವುದರೊಳಗೆ ಆಲಿಕಲ್ಲು ಶುರುವಾಯಿತು. ಗಾಳಿ ಒಮ್ಮೆಲೇ ತಣ್ಣಗಾಗಿ ಮುಖಕ್ಕೆ ಹೊಡೆಯಿತು. ಕೋಲು, ಕೊಂಡಿ, ಮಾವನ ಮೀನಿನ ಡಬ್ಬಿ, ಏನೆಲ್ಲ ಲೋಹವಿತ್ತೋ ಅದನ್ನೆಲ್ಲ ದೂರ ಎಸೆದೆವು. ಪಕ್ಕದಲ್ಲಿ ಬಂಡೆಯ ಕೆಳಗೊಂದು ಗೂಡಿತ್ತು. ಮಾವ ಅದರೊಳಗೆ ಹೋಗಲು ನೋಡಿದರು.

"ಅಲ್ಲಿ ಬೇಡ ಬೀಗ್ರೇ" ಎಂದು ಅಪ್ಪ ಕೂಗಿದ. ಹೇಗೆ ತಿಳಿಯಿತೋ. "ಗೂಡಿನ ಬಾಯಲ್ಲಿ ಕಿಡಿ ಹಾರುತ್ತೆ. ಬಯಲಲ್ಲೇ ಕೂತ್ಕೊಳ್ಳಿ. ಚೀಲದ ಮೇಲೆ ಕುಕ್ಕರುಗಾಲಲ್ಲಿ, ಎರಡು ಪಾದ ಜೋಡಿಸಿ. ಒಬ್ರಿಗೊಬ್ರು ಹತ್ತು ಹೆಜ್ಜೆ ದೂರ."

"ನಿನ್ನನ್ನ ಒಬ್ಬನೇ ಬಿಟ್ಟು?" ಎಂದೆ.

"ಒಟ್ಟಿಗೆ ಕೂತ್ರೆ ಒಟ್ಟಿಗೇ ಹೋಗ್ತೀವಿ. ದೂರ ಕೂತ್ರೆ ಉಳಿದೋರು ಏನಾದ್ರೂ ಮಾಡಬಹುದು. ಹೋಗು ರೊಮಾನಾ."

ಕೂತೆವು. ಮೋಡ ನಮ್ಮನ್ನು ನುಂಗಿತು. ಹತ್ತು ಹೆಜ್ಜೆಯಾಚೆಯ ಅಪ್ಪ ಕಾಣದಾದ, ಮಾವ ಒಂದು ಕಪ್ಪು ಗಂಟಿನ ಹಾಗೆ ಕಂಡರು. ಆಗ ಒಂದು ಸದ್ದು ಶುರುವಾಯಿತು. ಜೇನುಗೂಡಿಗೆ ಕಿವಿಯಿಟ್ಟ ಹಾಗೆ. ಅದು ಮೇಲಿನ ಹಲ್ಲಿನಿಂದ, ಹಗ್ಗದಿಂದ, ಆಮೇಲೆ ನನ್ನ ಹೆಲ್ಮೆಟ್ಟಿನ ಕೆಳಗಿನ ಕೂದಲಿನಿಂದಲೇ ಬರತೊಡಗಿತು. ಕತ್ತಿನ ರೋಮಗಳು ನೆಟ್ಟಗೆ ನಿಂತವು. ಬಾಯಲ್ಲಿ ತಾಮ್ರದ ಕಾಸಿಟ್ಟಂತಾಯಿತು.

ಮಿಂಚು ಮತ್ತು ಗುಡುಗಿನ ನಡುವೆ ಎಣಿಸಲು ಈಗ ಏನೂ ಉಳಿದಿರಲಿಲ್ಲ. ಪ್ರತಿ ಹೊಡೆತ ಮುಗಿದ ಮೇಲೆ ನಾನು ಕೂಗುತ್ತಿದ್ದೆ.

"ಅಪ್ಪ?"

"ಇದೀನಿ."

"ಮಾವ?"

"ಇದೀನಿ, ಇದೀನಿ."

ಹೀಗೆ ಏಳೆಂಟು ಸಲವಾಗಿರಬೇಕು. ಒಮ್ಮೆ ಮಾವ, "ಇದೀನಿ, ಎಲ್ಲಿಗೆ ಹೋಗಲಿ, ನಾಳಿದ್ದು ಮದುವೆ" ಎಂದು ಕೂಡ ಹೇಳಿದರು. ನನಗೆ ಅಳುವಿನ ಜೊತೆ ನಗು ಬಂತು.

ಮುಂದಿನದ್ದು ಮೂರನೆಯ ಹಲ್ಲಿಗೆ ಹೊಡೆಯಿತು. ಸದ್ದು ಕೇಳಿಸಲಿಲ್ಲ. ಎಲ್ಲ ಬಿಳಿಯಾಯಿತು, ಯಾರೋ ನನ್ನ ಅಂಗಾಲಿಗೆ ಹಲಗೆಯಿಂದ ಬಾರಿಸಿದಂತಾಯಿತು. ಮತ್ತೆ ಕಿವಿ ತೆರೆದಾಗ ಮೊದಲು ಕೇಳಿಸಿದ್ದು ಅಪ್ಪನ ದನಿ.

"ರೊಮಾನಾ!"

"ಇದೀನಪ್ಪ. ಮಾವ?"

ಆಲಿಕಲ್ಲಿನ ಸದ್ದು ಬಿಟ್ಟರೆ ಏನಿಲ್ಲ.

"ಮಾವ?"

ತೆವಳಿಕೊಂಡು ಹೋದೆ. ಅವರು ಕೂತಿದ್ದ ಜಾಗದಿಂದ ನಾಲ್ಕಡಿ ಆಚೆ ಅಂಗಾತ ಬಿದ್ದಿದ್ದರು. ಕಣ್ಣು ಅರ್ಧ ತೆರೆದಿತ್ತು. ಒಂದು ಕಾಲಿನ ಬೂಟು ಇರಲಿಲ್ಲ. ಬಾಯಿಗೆ ಕೆನ್ನೆಯಿಟ್ಟೆ, ಉಸಿರಿಲ್ಲ. ಕತ್ತು ಮುಟ್ಟಿದೆ, ಬಡಿತವಿಲ್ಲ. ನಾನು ಕಿರುಚಿದೆನೆಂದು ಅಪ್ಪ ಆಮೇಲೆ ಹೇಳಿದ. ನನಗೆ ನೆನಪಿಲ್ಲ.

ನನ್ನ ದನಿ ಹಿಡಿದು ಅಪ್ಪ ಕೈಕಾಲೂರಿ ಬಂದ. ಬಂದವನೇ, "ನನ್ನ ಕೈ ತಗೊಂಡು ಅವರ ಎದೆ ಮೇಲಿಡು" ಎಂದ. ಇಟ್ಟೆ. ಬೆರಳುಗಳು ಎದೆಮೂಳೆಯ ಕೆಳತುದಿಯನ್ನು ಹುಡುಕಿಕೊಂಡವು, ಸರಿಯಾದ ಜಾಗಕ್ಕೆ ಸರಿದು ನಿಂತವು.

"ಮಿಂಚು ಹೊಡೆದೋರು ಸತ್ತ ಹಾಗೆ ಕಾಣ್ತಾರೆ, ಸತ್ತಿರಲ್ಲ. ನಾನು ಮೂವತ್ತು ಸಲ ಒತ್ತೀನಿ. ನೀನು ಎರಡು ಉಸಿರು ಊದು. ತಲೆ ಹಿಂದಕ್ಕೆ ಬಾಗಿಸು, ಮೂಗು ಮುಚ್ಚು. ನನ್ನ ಎಣಿಕೆ ಕೇಳ್ತಾ ಇರು, ಮಿಂಚಿನ ಕಡೆ ಗಮನ ಕೊಡಬೇಡ."

ಒತ್ತಲು ಶುರುಮಾಡಿದ. ಗಟ್ಟಿಯಾಗಿ ಎಣಿಸುತ್ತಾ, ಒಂದೇ ಲಯದಲ್ಲಿ. ಅವನ ಕಣ್ಣು ಮುಚ್ಚಿತ್ತು. ಆಲಿಕಲ್ಲು ಅವನ ಬೆನ್ನಿನ ಮೇಲೆ ಬಿದ್ದು ಪುಟಿಯುತ್ತಿತ್ತು. ಎಲ್ಲೋ ನಡುವೆ ಮಾವನ ಪಕ್ಕೆಯೆಲುಬು ಲಟಕ್ ಎಂದಿತು. ನಾನು ಬೆಚ್ಚಿದೆ, ಅವನು ನಿಲ್ಲಿಸಲಿಲ್ಲ. ಒಂದು ಸುತ್ತು ಒತ್ತುವ ಹೊತ್ತಿನಲ್ಲಿ ನಾನು ಫೋನು ತೆಗೆದು ರಕ್ಷಣಾ ದಳಕ್ಕೆ ಕರೆ ಮಾಡಿದೆ. ಮೋಡ ಏಳುವ ತನಕ ಹೆಲಿಕಾಪ್ಟರ್ ಬರಲಾಗದು, ನಡೆದು ಬರುವವರು ಹೊರಟಿದ್ದಾರೆ, ಒತ್ತುವುದು ನಿಲ್ಲಿಸಬೇಡಿ ಎಂದಿತು ಆ ಕಡೆಯ ದನಿ.

ಎಷ್ಟು ಹೊತ್ತು ಎಂದು ನನ್ನನ್ನು ಆಮೇಲೆ ತುಂಬ ಜನ ಕೇಳಿದರು. ಫೋನಿನ ಪ್ರಕಾರ ಹನ್ನೊಂದು ನಿಮಿಷ. ಮಾವನ ಗಂಟಲಿನಿಂದ ಗೊರಕೆಯಂಥ ಸದ್ದು ಬಂತು. ಅಪ್ಪ ಕೈ ನಿಲ್ಲಿಸಿ, ತಲೆ ಬಗ್ಗಿಸಿ ಅವರ ಎದೆಗೆ ಕಿವಿಯಿಟ್ಟ. ಹಾಗೆಯೇ ಬಹಳ ಹೊತ್ತು ಇದ್ದ.

"ಬಡೀತಿದೆ" ಎಂದ.

ಬಿರುಗಾಳಿ ಉತ್ತರಕ್ಕೆ ಸರಿಯಿತು. ಮಾವನನ್ನು ನಮ್ಮಿಬ್ಬರ ಕೋಟುಗಳಲ್ಲಿ ಸುತ್ತಿ, ಪಕ್ಕಕ್ಕೆ ಮಲಗಿಸಿ, ಅಪ್ಪ ಅವರ ಬೆನ್ನಿಗೆ ತನ್ನ ಎದೆ ತಾಗಿಸಿ ಬೆಚ್ಚಗಿಟ್ಟುಕೊಂಡು ಮಲಗಿದ. ಒಂದೂವರೆ ಗಂಟೆಯ ನಂತರ ಮೋಡದ ಕೆಳಗಿನಿಂದ ಹೆಲಿಕಾಪ್ಟರಿನ ಸದ್ದು ಬಂತು. ಅದರಲ್ಲಿದ್ದವರು ಮಾವನನ್ನು ಹಗ್ಗದಿಂದ ಇಳಿಬಿಟ್ಟ ತೊಟ್ಟಿಲಿನಲ್ಲಿ ಎತ್ತಿಕೊಂಡು ಹೋದರು. ಅಪ್ಪನನ್ನು ಇಬ್ಬರು ರಕ್ಷಣಾ ದಳದವರು ನಡುವೆ ಹಗ್ಗ ಕಟ್ಟಿ ಇಳಿಸಿದರು. ಇಬ್ಬರೂ ಅವನಿಂದಲೇ ಬೆಟ್ಟ ಹತ್ತಲು ಕಲಿತವರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಎರಿಕ್ ಊರುಗೋಲಿಗೆ ಆತು ನಿಂತಿದ್ದ. ಅಮ್ಮನೂ ಬಂದಿದ್ದಳು. ಅಪ್ಪ ಕೂರಲಿಲ್ಲ. ಎಲ್ಲರ ಮುಂದೆಯೇ ಹೇಳಿದ.

"ನನಗೆ ಕಣ್ಣು ಕಾಣಲ್ಲ. ಎರಡು ವರ್ಷದಿಂದ. ಮುಚ್ಚಿಟ್ಟೆ. ತಿರುಗಬೇಕಾದ ಕಡೆ ತಿರುಗಲಿಲ್ಲ. ನಿನ್ನ ಅಪ್ಪನಿಗೆ ಹಿಂಗಾಗಿದ್ದು ನನ್ನಿಂದ ಎರಿಕ್."

"ಗೊತ್ತಿದ್ದೂ ಕರ್ಕೊಂಡು ಹೋದ್ರಾ?"

"ಹೂಂ."

ಎರಿಕ್ ಅವನನ್ನೇ ನೋಡಿದ. ಆಮೇಲೆ ಊರುಗೋಲು ಕುಟ್ಟುತ್ತಾ ಮೊಗಸಾಲೆಯ ಆ ತುದಿಗೆ ಹೋಗಿ ಕಿಟಕಿಯ ಕಡೆ ಮುಖಮಾಡಿ ನಿಂತ. ಅಮ್ಮ ಅಪ್ಪನ ಒದ್ದೆ ಅಂಗಿಯ ಗುಂಡಿ ಬಿಚ್ಚತೊಡಗಿದಳು.

ಮಾವ ಮೂರನೆಯ ದಿನ ಮಾತಾಡಿದರು. ಬಲಗಿವಿ ಕೇಳಿಸುತ್ತಿರಲಿಲ್ಲ, ಇನ್ನು ಕೇಳಿಸುವುದೂ ಇಲ್ಲ ಎಂದಿದ್ದರು ವೈದ್ಯರು. ಬಲಗೈ ತಂತಾನೇ ನಡುಗುತ್ತಿತ್ತು. ನಾನು ಎಡಗಡೆ ಕುರ್ಚಿ ಹಾಕಿಕೊಂಡು ಕೂತೆ. ಕ್ಷಮೆ ಕೇಳಲು ಹೊರಟಾಗ ಅವರು ಎಡಗೈ ಎತ್ತಿ ತಡೆದರು.

"ತಪ್ಪನ್ನ ನಿಮ್ಮಪ್ಪನ ಮೇಲೆ ಮಾತ್ರ ಹಾಕ್ಬೇಡ. ಇಬ್ಬನಿ ಇಲ್ಲ ಅಂತ ಬೆಳಿಗ್ಗೇನೇ ಗೊತ್ತಿತ್ತು ನನಗೆ. ಸಮುದ್ರದಲ್ಲಾಗಿದ್ರೆ ಆ ಮೋಡ ನೋಡಿ ಅರ್ಧ ಗಂಟೇಲಿ ಬಂದರಿಗೆ ಬಂದಿರ್ತಿದ್ದೆ. ಭಯ ಆದ್ರೆ ಹೇಳಿ ಅಂದ್ರಲ್ಲ ನಿಮ್ಮಪ್ಪ. ಭಯ ಆಗಿತ್ತು. ಬೀಗರ ಮುಂದೆ ಹೇಳೋಕೆ ನಾಚಿಕೆ ಆಯ್ತು."

"ನಾನೂ ನೋಡಿದ್ದೆ ಮಾವ" ಎಂದೆ. "ಅವನ ಕಣ್ಣನ್ನ. ನೋಡಿಯೂ ಸುಮ್ಮನಿದ್ದೆ."

"ಸರಿ ಹಾಗಾದ್ರೆ. ಮೂರು ಜನ" ಎಂದು ಕಣ್ಣು ಮುಚ್ಚಿಕೊಂಡರು.

ಎರಿಕ್ ನನ್ನ ಜೊತೆ ಜಗಳವಾಡಲಿಲ್ಲ. ಅಪ್ಪನ ಹೆಸರು ಬಂದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದ, ಅಷ್ಟೇ. ಅದು ಜಗಳಕ್ಕಿಂತ ಭಾರವಾಗಿತ್ತು. ಕೆಲವು ರಾತ್ರಿ ಮದುವೆ ಆಗುವುದೋ ಇಲ್ಲವೋ ಎಂದು ನಾನೇ ಎಣಿಸಿದ್ದುಂಟು.

ಅಕ್ಟೋಬರ್ ಕೊನೆಯಲ್ಲಿ, ಕೆಳಗಿನ ಪಟ್ಟಣದ ನೋಂದಣಿ ಕಚೇರಿಯಲ್ಲಿ, ಹನ್ನೊಂದೇ ಜನರ ಮುಂದೆ ಮದುವೆಯಾಯಿತು. ಲಿವಿಯೊ ಮಾವ ನಡುಗುವ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕರೆಯುತ್ತಿದ್ದರು. ಅಪ್ಪ ಅಮ್ಮನ ತೋಳು ಹಿಡಿದು ಅಂಗಳ ದಾಟಿ ಬಂದ. ಕಚೇರಿಯ ಮುಂದೆ ಸವೆದ ಕಲ್ಲಿನ ಮೆಟ್ಟಿಲುಗಳಿದ್ದವು. ಮೊದಲ ಮೆಟ್ಟಿಲ ಬಳಿ ಅಮ್ಮ ಯಾರದೋ ಮಾತಿಗೆ ತಿರುಗಿದಳು. ಅಪ್ಪನ ಕಾಲು ಎತ್ತಿದ್ದು ಗಾಳಿಯಲ್ಲೇ ನಿಂತಿತು, ಎಲ್ಲಿಡಬೇಕೆಂದು ತಿಳಿಯದೆ.

ಎರಿಕ್ ಮೇಲಿನಿಂದ ಎರಡು ಮೆಟ್ಟಿಲು ಇಳಿದು ಬಂದ.

"ಇನ್ನೂ ಸ್ವಲ್ಪ ಮೇಲೆ ಎತ್ತಿ" ಎಂದ. "ಒಟ್ಟು ನಾಲ್ಕಿದಾವೆ."

ಆ ದಿನ ಅವನು ಅಪ್ಪನ ಜೊತೆ ಬೇರೆ ಏನೂ ಮಾತಾಡಲಿಲ್ಲ.